ಸಣ್ಣ ಕಾರಿನ ಹಿಡಿತ ಸುಧಾರಿಸಬೇಕು: ಮೊದಲು ಟೈರೋ, ಸ್ಪ್ರಿಂಗೋ?

ತಿರುವುಪ್ರಿಯ
ನನ್ನ ಬಳಿ ಇರುವುದು ಏಳು ವರ್ಷ ಹಳೆಯ, ಫ್ರಂಟ್ ವೀಲ್ ಡ್ರೈವ್‌ನ ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬದಲ್ಲಿರುವ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎಡಬಲ ಚಕ್ರಗಳನ್ನು ಸೇರಿಸುವ, ತಿರುಚಬಲ್ಲ ಅಡ್ಡತೊಲೆ), ಕಂಪನಿಯಿಂದಲೇ ಬಂದ 175/65 ಆರ್14 ಟೈರುಗಳು (ಅಗಲ 175 ಮಿ.ಮೀ., ಪಕ್ಕೆಯ ಎತ್ತರ ಅಗಲದ ನೂರಕ್ಕೆ 65, ರಿಮ್ಮು 14 ಇಂಚು). ಎಂಜಿನ್ನಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಸ್ವಲ್ಪ ವೇಗದಲ್ಲಿ ತಿರುವಿಗೆ ಇಳಿದರೆ ಬಾಡಿ ಒಂದು ಬದಿಗೆ ವಾಲಿಬಿಡುತ್ತದೆ, ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸಿದರೂ ಮೂತಿ ಹೊರಗಡೆಗೇ ಎಳೆಯುತ್ತದೆ, ಹೆದ್ದಾರಿಯಲ್ಲಿ ಥಟ್ಟನೆ ಲೇನ್ ಬದಲಿಸಿದರೆ ಹಿಂಭಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸಿದಂತೆ ಅನ್ನಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವಷ್ಟು ಹಣವಿಲ್ಲ, ಒಂದೊಂದಾಗಿ ಮಾಡಬೇಕು. ಗೆಳೆಯನೊಬ್ಬ ತಗ್ಗಿಸುವ ಸ್ಪ್ರಿಂಗ್ ಹಾಕಿಸು ಎನ್ನುತ್ತಾನೆ, ಇನ್ನೊಬ್ಬ ಅಗಲದ ಟೈರ್ ಹಾಕಿಸು ಎನ್ನುತ್ತಾನೆ. ದಿನವೂ ಮನೆಯವರೆಲ್ಲ ಓಡಾಡುವ ಕಾರಾದ್ದರಿಂದ ಎತ್ತಿನ ಗಾಡಿಯಂತೆ ಕುಲುಕುವುದೂ ಬೇಡ. ಯಾವುದರಿಂದ ಶುರುಮಾಡಲಿ?

ಹಳೆಸ್ಪ್ಯಾನರ್
ಏನನ್ನೂ ಕೊಳ್ಳುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಿ. ಟೈರಿನ ಪಕ್ಕೆಯಲ್ಲಿ ಡಾಟ್ (DOT) ಸಂಕೇತದ ಕೊನೆಗಿರುವ, ಟೈರು ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿಗಳು ಯಾವುವು? ಶಾಕ್ ಅಬ್ಸಾರ್ಬರುಗಳನ್ನು ಈವರೆಗೆ ಒಮ್ಮೆಯಾದರೂ ಬದಲಿಸಿದ್ದೀರಾ? ಇವೆರಡಕ್ಕೂ "ಕಂಪನಿಯದ್ದೇ" ಎಂಬ ಉತ್ತರ ಬಂದರೆ, ನೀವು ದೂರುತ್ತಿರುವುದು ಕಾರಿನ ವಿನ್ಯಾಸವನ್ನಲ್ಲ, ಸವೆದ ಬಿಡಿಭಾಗಗಳನ್ನು. ಸವೆದದ್ದನ್ನು ಸರಿಪಡಿಸದೆ ಅದರ ಮೇಲೆ ಹೊಸ ಸಾಮಾನು ಹಾಕಿಸಿದರೆ ಯಾವುದರಿಂದ ಏನು ಸುಧಾರಿಸಿತು ಎಂಬುದೇ ತಿಳಿಯುವುದಿಲ್ಲ.

ತಗ್ಗುನಿಲುವು
ಸ್ಪ್ರಿಂಗ್, ಎರಡು ಮಾತೇ ಇಲ್ಲ. ಬಾಡಿ ವಾಲುತ್ತದೆ ಎಂದು ನೀವೇ ಬರೆದಿದ್ದೀರಿ, ಹಾಗಿರುವಾಗ ವಾಲುವುದನ್ನು ನಿಲ್ಲಿಸುವ ಭಾಗದಿಂದಲ್ಲವೇ ಶುರುಮಾಡಬೇಕಾದದ್ದು? ನನ್ನ ಕಾರನ್ನು 35 ಮಿ.ಮೀ. ತಗ್ಗಿಸಿದ ಮೇಲೆ ಅದು ಬೇರೆಯದೇ ಕಾರಾಯಿತು. ನೋಡುವುದಕ್ಕೂ ಚೆಂದ.

ಗ್ರಿಪ್‌ಗಣಿತ
ನೋಡುವುದಕ್ಕೆ ಚೆಂದ ಎಂಬುದನ್ನು ಒಪ್ಪುತ್ತೇನೆ, ಉಳಿದದ್ದರ ಬಗ್ಗೆ ತಕರಾರಿದೆ.

ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಒಟ್ಟು ಎಷ್ಟು ಭಾರ ವರ್ಗಾವಣೆಯಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೂರೇ ಸಂಗತಿಗಳು: ಗುರುತ್ವಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವಿನ ಅಂತರವೆಷ್ಟು, ಮತ್ತು ನೀವು ಎಷ್ಟು ಬಿರುಸಾಗಿ ತಿರುಗುತ್ತಿದ್ದೀರಿ. ಸ್ಪ್ರಿಂಗ್ ಗಡುಸಾದರೆ ಕಣ್ಣಿಗೆ ಕಾಣುವ ವಾಲುವಿಕೆ ಕಡಿಮೆಯಾಗುತ್ತದೆ, ಆದರೆ ವರ್ಗಾವಣೆಯಾಗುವ ಭಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಂಥ ಕಾರಿನ ಗುರುತ್ವಕೇಂದ್ರ ಸುಮಾರು 550 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, 30 ಮಿ.ಮೀ. ತಗ್ಗಿಸಿದ್ದರಿಂದ ಆ ವರ್ಗಾವಣೆಯಲ್ಲಿ ಕಡಿತವಾಗುವುದು ನೂರಕ್ಕೆ ಐದರ ಆಸುಪಾಸು ಮಾತ್ರ.

ಇನ್ನೊಂದು ತೊಡಕು ಮ್ಯಾಕ್‌ಫರ್ಸನ್ ಸ್ಟ್ರಟ್ಟಿಗೇ ಸೇರಿದ್ದು. ಕಾರನ್ನು ತಗ್ಗಿಸಿದಾಗ ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಬಾಡಿಗೆ ಸೇರಿಸುವ ತೋಳಿನ) ಹೊರತುದಿ ಒಳತುದಿಗಿಂತ ಮೇಲಕ್ಕೆ ಬಂದರೆ, ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ರೋಲ್ ಸೆಂಟರ್ ಗುರುತ್ವಕೇಂದ್ರಕ್ಕಿಂತ ಹೆಚ್ಚು ಕೆಳಗೆ ಇಳಿದುಬಿಡುತ್ತದೆ. ಎರಡರ ನಡುವಿನ ಅಂತರ ಬೆಳೆದಷ್ಟೂ ಬಾಡಿಯನ್ನು ವಾಲಿಸುವ ಸನ್ನೆ ಉದ್ದವಾಗುತ್ತದೆ. ಅಂದರೆ ವಾಲುವಿಕೆಯನ್ನು ಕಡಿಮೆ ಮಾಡಲೆಂದು ತಗ್ಗಿಸಿದ್ದು ವಾಲಿಸುವ ಬಲವನ್ನೇ ಹೆಚ್ಚಿಸುತ್ತದೆ, ಹೊಸ ಸ್ಪ್ರಿಂಗಿನ ಗಡುಸುತನದ ಒಂದು ಪಾಲು ಅದನ್ನು ತಡೆಯುವುದಕ್ಕೇ ಖರ್ಚಾಗುತ್ತದೆ.

ತಗ್ಗುನಿಲುವು
ನಾನು ಓಡಿಸುವುದು ಪಠ್ಯಪುಸ್ತಕವನ್ನಲ್ಲ, ಕಾರನ್ನು. ನಿಮ್ಮ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಬಾಡಿ ವಾಲಿದಾಗ ಸ್ಟ್ರಟ್ಟೂ ಅದರೊಂದಿಗೆ ವಾಲುತ್ತದೆ, ಹೊರಗಿನ ಚಕ್ರ ಮೇಲ್ಭಾಗದಲ್ಲಿ ಹೊರಕ್ಕೆ ಬಾಗುತ್ತದೆ, ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ಮ್ಯಾಕ್‌ಫರ್ಸನ್ ವ್ಯವಸ್ಥೆಯಲ್ಲಿ ಇದನ್ನು ಸರಿದೂಗಿಸುವ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ಬಾಗಿರುವ ಕೋನ) ಬದಲಾವಣೆ ಬಹಳ ಕಡಿಮೆ. ಆದ್ದರಿಂದ ವಾಲುವುದನ್ನು ತಡೆದರೆ ಟೈರು ನೆಲಕ್ಕೆ ಚಪ್ಪಟೆಯಾಗಿ ಒತ್ತಿಕೊಂಡಿರುತ್ತದೆ, ಹಿಡಿತ ಹೆಚ್ಚುತ್ತದೆ. ಇದು ಕೇವಲ ಕಣ್ಣಿನ ಭ್ರಮೆ ಎಂದು ಹೇಳುವವರು ತಮ್ಮ ಮುಂದಿನ ಟೈರುಗಳ ಹೊರ ಅಂಚು ಹೇಗೆ ಸವೆದಿದೆ ಎಂಬುದನ್ನು ಒಮ್ಮೆ ಬಗ್ಗಿ ನೋಡಲಿ.

ಗ್ರಿಪ್‌ಗಣಿತ
ಕ್ಯಾಂಬರಿನ ಮಾತು ಸರಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಪರಿಹಾರ ಸ್ಪ್ರಿಂಗ್ ಒಂದೇ ಅಲ್ಲ. ಸ್ಟ್ರಟ್ಟು ಮತ್ತು ನಕಲ್ (ಚಕ್ರವನ್ನು ಹಿಡಿದಿರುವ ಭಾಗ) ಸೇರುವ ಕಡೆ ಕ್ಯಾಂಬರ್ ಬೋಲ್ಟ್ ಹಾಕಿ ಮುಂದಿನ ಚಕ್ರಗಳಿಗೆ ಒಂದು ಡಿಗ್ರಿಯಷ್ಟು ಋಣ ಕ್ಯಾಂಬರ್ (ಮೇಲ್ಭಾಗ ಒಳಕ್ಕೆ ಬಾಗಿರುವುದು) ಕೊಟ್ಟರೆ, ನೆಲದಿಂದ ಒಂದು ಮಿಲಿಮೀಟರನ್ನೂ ಕಳೆದುಕೊಳ್ಳದೆ ಅದೇ ಲಾಭದ ದೊಡ್ಡ ಪಾಲು ಸಿಗುತ್ತದೆ.

ಮಳೆಹಾದಿ
ನೀವಿಬ್ಬರೂ ಒಣ ರಸ್ತೆಯ ಬಗ್ಗೆಯೇ ಜಗಳವಾಡುತ್ತಿದ್ದೀರಿ. ಮಳೆ ಬಂದಾಗ ಸ್ಪ್ರಿಂಗ್, ಕ್ಯಾಂಬರ್, ರೋಲ್ ಸೆಂಟರ್ ಎಲ್ಲಕ್ಕಿಂತ ಮೊದಲು ಕೆಲಸಕ್ಕೆ ಬರುವುದು ಟೈರಿನ ರಬ್ಬರು ಮತ್ತು ಅದರ ಗೀರುಗಳ ಆಳ. ಅನೇಕ ದೇಶಗಳಲ್ಲಿ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಇದ್ದರೂ, 3 ಮಿ.ಮೀ. ಹತ್ತಿರ ಬರುವಷ್ಟರಲ್ಲೇ ನೀರನ್ನು ಹೊರದಬ್ಬುವ ಶಕ್ತಿ ಸಾಕಷ್ಟು ಕುಗ್ಗಿರುತ್ತದೆ. ನಾಲ್ಕು ಟೈರುಗಳು ರಸ್ತೆಯನ್ನು ಮುಟ್ಟುವ ಜಾಗ ಒಂದೊಂದೂ ಹೆಚ್ಚುಕಡಿಮೆ ಅಂಗೈಯಷ್ಟು. ನೀವು ಮಾಡಿಸುವ ಪ್ರತಿಯೊಂದು ಬದಲಾವಣೆಯೂ ಕೊನೆಗೆ ಆ ಅಂಗೈಯಗಲದ ಮೂಲಕವೇ ರಸ್ತೆಗೆ ತಲುಪಬೇಕು. ಹಾಗಾಗಿ ಮೊದಲು ಟೈರು, ಆಮೇಲೆ ಉಳಿದದ್ದು.

ತಿರುವುಪ್ರಿಯ
ಹಳೆಸ್ಪ್ಯಾನರ್ ಅವರೇ, ನೋಡಿಕೊಂಡು ಬಂದೆ. ನಾಲ್ಕೂ ಟೈರುಗಳ ಮೇಲೆ 2218 ಎಂದಿದೆ, ಅಂದರೆ 2018ರ 22ನೇ ವಾರ. ಗೀರುಗಳು ಇನ್ನೂ ಅರ್ಧದಷ್ಟು ಉಳಿದಿವೆ, ಆದರೆ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತಿವೆ. ಶಾಕ್ ಅಬ್ಸಾರ್ಬರುಗಳೂ ಮೊದಲಿನವೇ. ಟೈರನ್ನಂತೂ ಬದಲಿಸುವುದು ಖಚಿತವಾಯಿತು. ಹಾಗಿದ್ದರೆ 15 ಇಂಚಿನ ಅಲಾಯ್ ರಿಮ್ಮುಗಳಿಗೆ ಹೋಗಲೇ? 195/55 ಆರ್15 ಚೆನ್ನಾಗಿ ಕಾಣುತ್ತದೆ ಎಂದು ಹಲವರು ಹೇಳಿದರು.

ಅಳತೆಗೋಲು
ಇಲ್ಲಿಗೆ ನಾನು ಬರಲೇಬೇಕು. ಗಾತ್ರ ಆರಿಸುವಾಗ ಮೊದಲು ನೋಡಬೇಕಾದದ್ದು ಟೈರಿನ ಒಟ್ಟು ವ್ಯಾಸ.

ನಿಮ್ಮ 175/65 ಆರ್14 ಟೈರಿನ ಪಕ್ಕೆಯ ಎತ್ತರ 175ರ ನೂರಕ್ಕೆ 65, ಅಂದರೆ 113.75 ಮಿ.ಮೀ. ಮೇಲೊಂದು ಕೆಳಗೊಂದು ಎಂದು ಅದನ್ನು ಎರಡು ಸಲ ಸೇರಿಸಿ, 14 ಇಂಚಿನ ರಿಮ್ಮಿನ 355.6 ಮಿ.ಮೀ.ಗೆ ಕೂಡಿದರೆ ಸುಮಾರು 583 ಮಿ.ಮೀ. ಬರುತ್ತದೆ. ಇದೇ ಲೆಕ್ಕದಲ್ಲಿ 195/55 ಆರ್15 ಟೈರಿನ ವ್ಯಾಸ 595.5 ಮಿ.ಮೀ., ನಿಮ್ಮದಕ್ಕಿಂತ ನೂರಕ್ಕೆ ಎರಡರಷ್ಟು ದೊಡ್ಡದು. ಗೇರುಗಳೆಲ್ಲ ಅಷ್ಟರಮಟ್ಟಿಗೆ ಎತ್ತರವಾಗುತ್ತವೆ, ಅಂದರೆ ಎಳೆತ ಕುಗ್ಗುತ್ತದೆ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಒಳಗಿನ ಲೈನರಿಗೆ ಉಜ್ಜುವ ಸಾಧ್ಯತೆಯೂ ಇರುತ್ತದೆ. 185/55 ಆರ್15 ಆದರೆ 584.5 ಮಿ.ಮೀ., ಸ್ಪೀಡೋಮೀಟರಿಗೆ ವ್ಯತ್ಯಾಸವೇ ತಿಳಿಯದು. 195/50 ಆರ್15 ಟೈರಿನದು 576 ಮಿ.ಮೀ., ನೂರಕ್ಕೆ ಒಂದಕ್ಕಿಂತ ಚೂರು ಹೆಚ್ಚು ಸಣ್ಣದು, ಅದೂ ನಡೆಯುತ್ತದೆ.

ಮುಂದಿನದು ಭಾರದ ಸೂಚ್ಯಂಕ. 82 ಎಂದಿದ್ದರೆ ಒಂದು ಟೈರು ಹೊರಬಲ್ಲದ್ದು 475 ಕೆ.ಜಿ. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಸಂಖ್ಯೆಯ ಟೈರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ವೇಗದ ಅಕ್ಷರವೂ ಹಾಗೆಯೇ, ಟಿ ಎಂದರೆ ಗಂಟೆಗೆ 190 ಕಿ.ಮೀ., ಎಚ್ ಎಂದರೆ 210. ನೀವು ಆ ವೇಗದಲ್ಲಿ ಹೋಗದಿದ್ದರೂ ಕೆಳಗಿನ ಅಕ್ಷರಕ್ಕೆ ಇಳಿಯುವುದು ಬೇಡ.

ರಿಮ್ಮಿನ ವಿಷಯದಲ್ಲಿ ಬೋಲ್ಟುಗಳ ಸಂಖ್ಯೆ ಮತ್ತು ಅವುಗಳ ವೃತ್ತದ ವ್ಯಾಸ ಹೊಂದಿದರೆ ಸಾಕು ಎಂದು ಬಹಳ ಜನ ತಿಳಿದಿರುತ್ತಾರೆ. ನಡುವಿನ ರಂಧ್ರ ಹಬ್ಬಿನ (ಚಕ್ರ ಕೂರುವ ನಡುಭಾಗದ) ಮೇಲೆ ಸರಿಯಾಗಿ ಕೂರಬೇಕು, ದೊಡ್ಡದಾಗಿದ್ದರೆ ಅಳತೆಗೆ ತಕ್ಕ ಹಬ್ ರಿಂಗ್ ಹಾಕಬೇಕು, ಇಲ್ಲದಿದ್ದರೆ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಹೆದ್ದಾರಿಯ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ತಾಗುವ ಮುಖದವರೆಗಿನ ದೂರ) ಸಹ ಕಂಪನಿಯ ಅಂಕಿಗೆ ಹತ್ತಿರವಿರಲಿ. ಚಕ್ರ ಹೊರಕ್ಕೆ ಚಾಚಿಕೊಂಡರೆ ನೋಟಕ್ಕೆ ಗತ್ತು ಬರಬಹುದು, ಆದರೆ ಗುಂಡಿಗೆ ಇಳಿದಾಗಲೆಲ್ಲ, ಬ್ರೇಕ್ ಒತ್ತಿದಾಗಲೆಲ್ಲ ಸ್ಟಿಯರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ, ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತದೆ.

ತಗ್ಗುನಿಲುವು
16 ಇಂಚಿನ ರಿಮ್ಮಿಗೆ 205/45 ಹಾಕಿದರೆ 591 ಮಿ.ಮೀ., ಅದೂ ಮಿತಿಯೊಳಗೇ ಇದೆಯಲ್ಲ?

ಅಳತೆಗೋಲು
ವ್ಯಾಸ ಮಿತಿಯೊಳಗಿದೆ, ತೂಕ ಇರುವುದಿಲ್ಲ. ಸ್ಪ್ರಿಂಗಿನ ಕೆಳಗಿರುವ ತೂಕ ಹೆಚ್ಚಾದಷ್ಟೂ ಉಬ್ಬುತಗ್ಗಿನ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿದಿಡುವುದೇ ಕೆಲಸವಾಗುತ್ತದೆ. ರಿಮ್ಮು ತಿರುಗುವ ವಸ್ತುವೂ ಆದ್ದರಿಂದ, ಅದರ ಅಂಚಿನಲ್ಲಿ ಸೇರಿದ ಪ್ರತಿ ಕಿಲೋವನ್ನು ಸಣ್ಣ ಎಂಜಿನ್ನು ವೇಗ ಪಡೆಯುವಾಗ ಹೊರಬೇಕು, ಬ್ರೇಕು ನಿಲ್ಲಿಸುವಾಗ ಹೊರಬೇಕು. ಅಲಾಯ್ ಎಂದ ಮಾತ್ರಕ್ಕೆ ಹಗುರ ಎಂದು ನಂಬಬೇಡಿ, ಅಗ್ಗದ ಎರಕದ ಅಲಾಯ್ ರಿಮ್ಮುಗಳಲ್ಲಿ ಉಕ್ಕಿನ ರಿಮ್ಮಿಗಿಂತ ಭಾರವಾದವೂ ಇವೆ. ಅಂಗಡಿಯಲ್ಲಿ ತೂಕದ ಯಂತ್ರದ ಮೇಲಿಟ್ಟು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಕುತೂಹಲಿ
ಸ್ಟೆಪ್ನಿಯನ್ನೂ ಬದಲಿಸಬೇಕೇ, ಅಥವಾ ಹಳೆಯದೇ ಸಾಕೇ?

ಅಳತೆಗೋಲು
ವ್ಯಾಸ ಹೊಂದುತ್ತಿದ್ದರೆ ತುರ್ತಿಗೆ ಹಳೆಯದು ನಡೆಯುತ್ತದೆ, ನಿಧಾನವಾಗಿ ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು. ಆದರೆ ಕೆಲವು ಅಲಾಯ್ ರಿಮ್ಮುಗಳಿಗೆ ಬೇರೆ ಆಕಾರದ ನಟ್ಟುಗಳು ಬೇಕಾಗುತ್ತವೆ. ಅಂಥ ಸಂದರ್ಭದಲ್ಲಿ ಉಕ್ಕಿನ ಸ್ಟೆಪ್ನಿಗೆ ಬೇಕಾದ ಹಳೆಯ ನಟ್ಟುಗಳನ್ನು ಡಿಕ್ಕಿಯಲ್ಲೇ ಇಟ್ಟಿರಿ.

ನಿಧಾನಸವಾರ
ರಿಮ್ಮಿಗೆ ಹಣ ಸುರಿಯುವ ಬದಲು ಅದೇ 14 ಇಂಚಿನ ರಿಮ್ಮಿಗೆ ಒಳ್ಳೆಯ ರಬ್ಬರಿನ 185/60 ಹಾಕಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ವ್ಯಾಸ 577.6 ಮಿ.ಮೀ., ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ, ಗುಂಡಿಗೆ ಬಿದ್ದರೆ ರಿಮ್ಮು ಬಾಗುವ ಭಯವೂ ಕಡಿಮೆ. ಉಳಿದ ಹಣದಲ್ಲಿ ಶಾಕ್ ಅಬ್ಸಾರ್ಬರ್ ಬರುತ್ತದೆ. ಮಧ್ಯಮ ದರ್ಜೆಯ ಅಗಲದ ಟೈರಿಗಿಂತ ಉತ್ತಮ ದರ್ಜೆಯ ಕಿರಿದಾದ ಟೈರೇ ಮೇಲು ಎಂಬುದನ್ನು ಯಾರೂ ಒಪ್ಪುವುದಿಲ್ಲ, ಏಕೆಂದರೆ ರಬ್ಬರಿನ ಗುಣ ಫೋಟೋದಲ್ಲಿ ಕಾಣುವುದಿಲ್ಲ.

ಮಳೆಹಾದಿ
ನಿಧಾನಸವಾರರ ಮಾತಿಗೆ ನನ್ನ ಪೂರ್ಣ ಬೆಂಬಲ. ಅಗಲ ಹೆಚ್ಚಿದಷ್ಟೂ ನಿಂತ ನೀರಿನ ಮೇಲೆ ಟೈರು ತೇಲುವುದು ಕಡಿಮೆ ವೇಗದಲ್ಲೇ ಶುರುವಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಇನ್ನೊಂದು ಮಾತು: ಹಣ ಸಾಲದೆ ಎರಡೇ ಟೈರು ಕೊಳ್ಳುವುದಾದರೆ ಹೊಸದನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ.

ತಗ್ಗುನಿಲುವು
ಹಿಂದಕ್ಕೇ? ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಎಲ್ಲವೂ ಮುಂದಿನ ಚಕ್ರಗಳೇ ಆಗಿರುವಾಗ ಹೊಸ ಟೈರನ್ನು ಹಿಂದಕ್ಕೆ ಹಾಕುವುದು ಯಾವ ನ್ಯಾಯ?

ಮಳೆಹಾದಿ
ಮುಂದಿನ ಟೈರು ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಸ್ಟಿಯರಿಂಗ್ ಹಗುರವಾಗಿ ನಿಮಗೆ ಸೂಚನೆಯೂ ಸಿಗುತ್ತದೆ, ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನ ಟೈರು ಜಾರಿದರೆ ಕಾರು ಬುಗುರಿಯಾಗುತ್ತದೆ, ಮತ್ತು ಆಗ ಗಾಬರಿಯಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಇನ್ನಷ್ಟು ಹಗುರವಾಗುತ್ತದೆ. ಟೈರು ಕಂಪನಿಗಳೇ ಹೊಸದು ಹಿಂದಕ್ಕಿರಲಿ ಎಂದು ಹೇಳುವುದು ಈ ಕಾರಣಕ್ಕೆ. ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ, ಆದರೆ ಉತ್ತರ ತಲೆಕೆಳಗಾಗಿದೆ.

ಹಳೆಸ್ಪ್ಯಾನರ್
ಇನ್ನು ಶಾಕ್ ಅಬ್ಸಾರ್ಬರಿಗೆ ಬರೋಣ. ಬಾನೆಟ್ಟನ್ನು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯಿತು ಎಂದು ನೋಡುವ ಪರೀಕ್ಷೆಯನ್ನು ಅತಿಯಾಗಿ ನಂಬಬೇಡಿ, ಪೂರ್ತಿ ಸತ್ತ ಶಾಕನ್ನು ಮಾತ್ರ ಅದು ಹಿಡಿಯುತ್ತದೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಟೈರಿನ ಮೇಲೆಯೇ ಇರುತ್ತದೆ. ಕಾರನ್ನು ನಿಲ್ಲಿಸಿ, ಟೈರಿನ ಸುತ್ತ ಅಂಗೈಯನ್ನು ನಿಧಾನವಾಗಿ ಸವರಿಕೊಂಡು ಹೋಗಿ. ಒಂದು ಕಡೆ ಉಬ್ಬು, ಮುಂದೆ ತಗ್ಗು, ಮತ್ತೆ ಉಬ್ಬು ಎಂದು ಅಲೆಯಂತೆ ಕೈಗೆ ಸಿಕ್ಕಿದರೆ ಆ ಚಕ್ರ ಓಡುವಾಗ ನೆಲದ ಮೇಲೆ ಪುಟಿಯುತ್ತಿದೆ ಎಂದರ್ಥ. ರಾಡಿನ ಮೇಲಿನ ರಬ್ಬರ್ ಕವಚವನ್ನು ಸರಿಸಿ ಎಣ್ಣೆ ಒಸರಿದೆಯೇ ಎಂಬುದನ್ನೂ ನೋಡಿ. ತೆಳ್ಳಗೆ ಮಸುಕಾಗಿದ್ದರೆ ಚಿಂತೆಯಿಲ್ಲ, ಧೂಳು ಮೆತ್ತಿ ಕೆಸರಾಗಿ ಕೆಳಗೆ ಇಳಿದಿದ್ದರೆ ಶಾಕಿನ ಕಥೆ ಮುಗಿದಿದೆ.

ಕಾರು ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ "ಟಂಗ್" ಎಂದು ಸ್ಪ್ರಿಂಗು ಜಿಗಿದ ಸದ್ದು ಬಂದರೆ ಸ್ಟ್ರಟ್ಟಿನ ತಲೆಯ ಬೇರಿಂಗು ಹಿಡಿದುಕೊಂಡಿರಬಹುದು. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರದಿರುವುದಕ್ಕೂ ಅದೇ ಕಾರಣವಿರಬಹುದು. ಶಾಕ್ ಬದಲಿಸುವಾಗ ಈ ಬೇರಿಂಗು, ಮೌಂಟು, ಬಂಪ್ ಸ್ಟಾಪು (ಶಾಕು ಪೂರ್ತಿ ಒತ್ತಿಕೊಳ್ಳದಂತೆ ತಡೆಯುವ ರಬ್ಬರು) ಮೂರನ್ನೂ ಒಟ್ಟಿಗೇ ಬದಲಿಸಿ, ಬಿಚ್ಚುವ ಕೂಲಿ ಹೇಗೂ ಒಂದೇ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಸ್ಟ್ರಟ್ಟಿನ ತಲೆಯ ನಟ್ಟನ್ನು ಬಿಚ್ಚುವ ಸಾಹಸವನ್ನಂತೂ ಯಾರೂ ಮಾಡಬಾರದು, ಒತ್ತಿಕೊಂಡಿರುವ ಸ್ಪ್ರಿಂಗು ಹಾರಿದರೆ ಜೀವ ತೆಗೆಯುವಷ್ಟು ಬಲ ಅದರಲ್ಲಿರುತ್ತದೆ.

ಮತ್ತೆ, ಹಿಂಭಾಗ ತಡವಾಗಿ ಹಿಂಬಾಲಿಸುತ್ತದೆ ಎಂದು ಬರೆದಿದ್ದೀರಿ. ನನಗೆ ಅನುಮಾನ ಬರುವುದು ಟಾರ್ಷನ್ ಬೀಮನ್ನು ಬಾಡಿಗೆ ಸೇರಿಸುವ ಎರಡು ದೊಡ್ಡ ಬುಷ್‌ಗಳ (ಕೀಲಿನಲ್ಲಿರುವ ರಬ್ಬರ್ ಕೊಳವೆಗಳ) ಮೇಲೆ. ಲಿಫ್ಟಿನ ಮೇಲೆ ಎತ್ತಿಸಿ, ಬುಷ್ಷಿನ ಪಕ್ಕ ಉದ್ದನೆಯ ಸಬ್ಬಲಿನಿಂದ ಮೀಟಿ ನೋಡಲು ಹೇಳಿ. ರಬ್ಬರು ಬಿರಿದಿದ್ದರೆ ಕಣ್ಣಿಗೇ ಕಾಣುತ್ತದೆ.

ಕುತೂಹಲಿ
ಶಾಕುಗಳಲ್ಲಿ ಯಾವ ಬಗೆಯದು ಒಳ್ಳೆಯದು? ಬಿಲ್‌ಸ್ಟೈನ್, ಕೋನಿ, ಕೆವೈಬಿ ಎಂದೆಲ್ಲ ಕೇಳಿದ್ದೇನೆ, ವ್ಯತ್ಯಾಸ ಮಾತ್ರ ತಿಳಿಯದು.

ಗ್ರಿಪ್‌ಗಣಿತ
ಹೆಸರಿಗಿಂತ ಬಗೆಯನ್ನು ನೋಡಿ. ಕೆವೈಬಿಯ ಎಕ್ಸೆಲ್‌-ಜಿ ಎರಡು ಕೊಳವೆಗಳ, ಅನಿಲ ತುಂಬಿದ ಶಾಕು, ಕಂಪನಿಯ ಮೂಲ ನಡತೆಯನ್ನು ಮರಳಿ ತರುವುದು ಅದರ ಉದ್ದೇಶ. ಬಿಲ್‌ಸ್ಟೈನಿನ ಬಿ4 ಸಹ ಅದೇ ಸಾಲಿನದು. ಬಿ6 ಮೂಲ ಎತ್ತರದ ಸ್ಪ್ರಿಂಗಿನೊಂದಿಗೆ ಹೆಚ್ಚು ಬಿಗಿ ಹಿಡಿತ ಬಯಸುವವರಿಗೆ, ಬಿ8 ತಗ್ಗಿಸುವ ಸ್ಪ್ರಿಂಗಿಗೆಂದೇ ಗಿಡ್ಡ ಮಾಡಿದ್ದು. ಕೋನಿಯ ಹಳದಿ ಬಣ್ಣದ ಸ್ಪೋರ್ಟ್ ಶಾಕಿನಲ್ಲಿ ಸ್ಪ್ರಿಂಗು ಹಿಂದಿರುಗುವ ಚಲನೆಗೆ ಒಡ್ಡುವ ತಡೆಯನ್ನು ನಾವೇ ಹೊಂದಿಸಿಕೊಳ್ಳಬಹುದು, ಹಾಗಾಗಿ ಸ್ಪ್ರಿಂಗನ್ನು ಮುಂದೆ ಬದಲಿಸುವ ಯೋಚನೆಯಿರುವವರಿಗೆ ಅದು ಅನುಕೂಲ. ಎಲ್ಲ ಕಾರಿಗೂ ಎಲ್ಲವೂ ಸಿಗುವುದಿಲ್ಲ, ಮೊದಲು ನಿಮ್ಮ ಮಾದರಿಗೆ ಯಾವುದಿದೆ ಎಂದು ನೋಡಿಕೊಳ್ಳಿ.

ತಗ್ಗುನಿಲುವು ಅವರಿಗೆ ಒಂದು ಪ್ರಶ್ನೆ. ನೀವು 35 ಮಿ.ಮೀ. ತಗ್ಗಿಸಿದಾಗ ಹಳೆಯ ಶಾಕನ್ನೇ ಉಳಿಸಿಕೊಂಡಿರಾ?

ತಗ್ಗುನಿಲುವು
ಇಲ್ಲ, ಶಾಕು ಮತ್ತು ಸ್ಪ್ರಿಂಗು ಎರಡೂ ಒಂದೇ ಜೋಡಿಯಾಗಿ ಬಂದವು. ಗಿಡ್ಡ ಸ್ಪ್ರಿಂಗಿಗೆ ಮೂಲ ಶಾಕು ಹಾಕಿದರೆ ಅದು ಯಾವಾಗಲೂ ಅರ್ಧ ಒತ್ತಿಕೊಂಡೇ ಇರುತ್ತದೆ, ಪ್ರತಿ ಉಬ್ಬಿಗೂ ಬಂಪ್ ಸ್ಟಾಪಿಗೆ ಬಡಿಯುತ್ತದೆ ಎಂಬುದು ನನಗೂ ಗೊತ್ತು. ನಾನು ತಗ್ಗಿಸುವುದರ ಪರ ಇರಬಹುದು, ಅರೆಬರೆ ಕೆಲಸದ ಪರ ಅಲ್ಲ.

ಬಿರುಗಾಳಿ
ಇಷ್ಟೆಲ್ಲ ಖರ್ಚು ಏಕೆ? ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದರೆ ಕಾರು ತಗ್ಗುತ್ತದೆ, ಸ್ಪ್ರಿಂಗೂ ಗಡುಸಾಗುತ್ತದೆ.

ಹಳೆಸ್ಪ್ಯಾನರ್
ದಯವಿಟ್ಟು ಬೇಡ.

ಗ್ರಿಪ್‌ಗಣಿತ
ಗಡುಸಾಗುತ್ತದೆ ಎಂಬುದು ನಿಜ, ಏಕೆಂದರೆ ಕೆಲಸ ಮಾಡುವ ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗಿನ ದರ (ಗಡುಸುತನದ ಅಳತೆ) ಏರುತ್ತದೆ. ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿಯೂ ಅದು ಏರುತ್ತದೆ, 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ಬಳಸಿದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ದರ ನೂರಕ್ಕೆ 38ರಷ್ಟು ಹೆಚ್ಚುತ್ತದೆ. ಆದರೆ ಕತ್ತರಿಸಿದ ತುದಿ ಸ್ಪ್ರಿಂಗಿನ ಕೂರುವ ತಟ್ಟೆಯ ಆಕಾರಕ್ಕೆ ಹೊಂದುವುದಿಲ್ಲ, ಒಟ್ಟು ಉದ್ದವೂ ಗಿಡ್ಡವಾಗಿರುವುದರಿಂದ ಚಕ್ರ ಗುಂಡಿಗೆ ಇಳಿದು ಪೂರ್ತಿ ಜೋತುಬಿದ್ದ ಕ್ಷಣದಲ್ಲಿ ಸ್ಪ್ರಿಂಗು ಸಡಿಲಾಗಿ ಪಕ್ಕಕ್ಕೆ ಜಾರಬಹುದು. ಗ್ಯಾಸ್ ಕಟರಿನಿಂದ ಕತ್ತರಿಸಿದರೆ ಆ ಬಿಸಿಗೆ ಉಕ್ಕಿನ ಹದವೂ ಕೆಡುತ್ತದೆ. ಹಣ ಉಳಿಸಲು ಬೇರೆ ಎಷ್ಟೋ ಜಾಗಗಳಿವೆ.

ಸರಳರೇಖೆ
ಇಷ್ಟು ಹೊತ್ತಾದರೂ ಯಾರೂ ಆಂಟಿ ರೋಲ್ ಬಾರಿನ (ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಉಕ್ಕಿನ ಸರಳಿನ) ಹೆಸರೆತ್ತಲಿಲ್ಲವಲ್ಲ! ಮೂತಿ ಹೊರಕ್ಕೆ ಎಳೆಯುತ್ತದೆ ಎಂಬುದು ಅವರ ಮುಖ್ಯ ದೂರು. ಒಂದು ಆಕ್ಸಲಿನ ಎಡಬಲ ಟೈರುಗಳ ನಡುವೆ ಭಾರದ ವ್ಯತ್ಯಾಸ ಹೆಚ್ಚಾದಷ್ಟೂ ಆ ಜೋಡಿಯ ಒಟ್ಟು ಹಿಡಿತ ಕುಗ್ಗುತ್ತದೆ, ಏಕೆಂದರೆ ಭಾರ ಇಮ್ಮಡಿಯಾದರೆ ಟೈರಿನ ಹಿಡಿತ ಇಮ್ಮಡಿಯಾಗುವುದಿಲ್ಲ. ಹಿಂದಕ್ಕೆ ದಪ್ಪ ಬಾರ್ ಹಾಕಿದರೆ ಭಾರ ವರ್ಗಾವಣೆಯ ಹೆಚ್ಚಿನ ಪಾಲನ್ನು ಹಿಂದಿನ ಆಕ್ಸಲ್ ಹೊತ್ತುಕೊಳ್ಳುತ್ತದೆ, ಮುಂದಿನ ಜೋಡಿ ನಿರಾಳವಾಗುತ್ತದೆ, ಮೂತಿ ಒಳಕ್ಕೆ ತಿರುಗುತ್ತದೆ. ಮುಂದಕ್ಕೆ ದಪ್ಪ ಬಾರ್ ಹಾಕಿದರೆ ಬಾಡಿ ವಾಲುವುದು ಕಡಿಮೆಯಾದರೂ ಇವರ ರೋಗ ಸಾಮಾನ್ಯವಾಗಿ ಉಲ್ಬಣಿಸುತ್ತದೆ. ಟಾರ್ಷನ್ ಬೀಮಿಗೆ ಬೋಲ್ಟಿನಿಂದ ಕೂರಿಸುವ ಬಾರುಗಳು ಹಲವು ಮಾದರಿಗಳಿಗೆ ಸಿಗುತ್ತವೆ, ನೇರ ರಸ್ತೆಯಲ್ಲಿ ಎರಡೂ ಚಕ್ರಗಳು ಒಟ್ಟಿಗೇ ಏರಿಳಿಯುವಾಗ ಅವು ಗಡುಸುತನವನ್ನು ಬಹುತೇಕ ತೋರುವುದೇ ಇಲ್ಲ.

ಮಳೆಹಾದಿ
ಅದೇ ಬಾರ್ ಒದ್ದೆ ರಸ್ತೆಯಲ್ಲಿ, ಹಿಂದೆ ಸವೆದ ಟೈರಿದ್ದಾಗ, ಮೊದಲು ಹೇಳಿದ ಬುಗುರಿಯನ್ನು ಸುಲಭವಾಗಿ ತಿರುಗಿಸಿಬಿಡುತ್ತದೆ. ಟೈರು ಹೊಸದಾಗುವವರೆಗೆ ಬಾರಿನ ಹತ್ತಿರ ಹೋಗಬೇಡಿ.

ಸರಳರೇಖೆ
ಒಪ್ಪಿದೆ. ಆದ್ದರಿಂದಲೇ ಹೊಂದಿಸಬಲ್ಲ ಬಾರ್ ಕೊಂಡು ಮೊದಲು ಅತ್ಯಂತ ಮೃದುವಾದ ರಂಧ್ರದಲ್ಲೇ ಇಡಬೇಕು.

ಬಿರುಗಾಳಿ
ಬಾನೆಟ್ಟಿನ ಒಳಗೆ ಎರಡು ಸ್ಟ್ರಟ್ಟುಗಳ ತಲೆಗಳನ್ನು ಜೋಡಿಸುವ ಅಡ್ಡಪಟ್ಟಿ ಹಾಕಿದರೆ? ಅದು ಅಗ್ಗವೂ ಹೌದು.

ಹಳೆಸ್ಪ್ಯಾನರ್
ಬಾನೆಟ್ ಎತ್ತಿ ತೋರಿಸುವುದಕ್ಕೆ ಬಲು ಚೆಂದ. ಈಗಿನ ಸಣ್ಣ ಕಾರುಗಳಲ್ಲಿ ಸ್ಟ್ರಟ್ಟಿನ ತಲೆಗಳು ಫೈರ್‌ವಾಲಿಗೆ (ಎಂಜಿನ್ ಕೋಣೆಯ ಹಿಂಗೋಡೆಗೆ) ಹತ್ತಿರವಾಗಿ, ಸಾಕಷ್ಟು ಗಟ್ಟಿಯಾಗಿಯೇ ಇರುತ್ತವೆ. ಅದೇ ಹಣದಲ್ಲಿ ಎರಡು ಲಿಂಕ್ ರಾಡು (ಆಂಟಿ ರೋಲ್ ಬಾರಿನ ಕೊಂಡಿ), ಎರಡು ಟೈ ರಾಡ್ ಎಂಡು (ಸ್ಟಿಯರಿಂಗನ್ನು ಚಕ್ರಕ್ಕೆ ಸೇರಿಸುವ ಕೀಲು) ಬರುತ್ತವೆ, ಅವುಗಳ ಫಲ ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ.

ಕುತೂಹಲಿ
ಬುಷ್‌ಗಳನ್ನು ಬದಲಿಸುವುದೇ ಆದರೆ ಪಾಲಿಯುರೇಥೇನ್ ಬುಷ್ ಹಾಕಿಸಬಹುದಲ್ಲವೇ?

ಹಳೆಸ್ಪ್ಯಾನರ್
ಲೋವರ್ ಆರ್ಮಿನಲ್ಲಿ ಹಾಕಿದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿಯುವುದು ಕಡಿಮೆಯಾಗಿ ಸ್ಟಿಯರಿಂಗ್ ಚುರುಕಾಗುತ್ತದೆ, ಅದು ನಿಜ. ಬದಲಿಗೆ ರಸ್ತೆಯ ಸದ್ದು ಮತ್ತು ಅದಿರಾಟ ಒಳಕ್ಕೆ ಬರುತ್ತವೆ, ಹೇಳಿದ ಗ್ರೀಸನ್ನೇ ಹಚ್ಚದಿದ್ದರೆ ಕೀರಲು ಸದ್ದೂ ಶುರುವಾಗುತ್ತದೆ. ಟಾರ್ಷನ್ ಬೀಮಿನ ಬುಷ್‌ಗಳನ್ನು ಮಾತ್ರ ಕಂಪನಿಯ ರಬ್ಬರಿನದ್ದೇ ಹಾಕಿಸಿ. ಅನೇಕ ಕಾರುಗಳಲ್ಲಿ ಆ ರಬ್ಬರನ್ನು ಒಂದು ದಿಕ್ಕಿಗೆ ಮೃದುವಾಗಿ, ಇನ್ನೊಂದು ದಿಕ್ಕಿಗೆ ಗಡುಸಾಗಿ ಬೇಕೆಂದೇ ಮಾಡಿರುತ್ತಾರೆ, ಹಾಗೆಯೇ ಅದನ್ನು ಕೂರಿಸುವ ಕೋನವೂ ನಿಗದಿಯಾಗಿರುತ್ತದೆ.

ನಿಧಾನಸವಾರ
ಬಿಡಿಗಾಸು ಖರ್ಚಿಲ್ಲದ ಪ್ರಯೋಗವೊಂದಿದೆ, ಯಾರೂ ಹೇಳಲಿಲ್ಲ. ಚಾಲಕನ ಬಾಗಿಲಿನ ಬಳಿಯ ಪಟ್ಟಿಯಲ್ಲಿ ಬರೆದಿರುವ ಗಾಳಿಯ ಒತ್ತಡವನ್ನು ಟೈರು ತಣ್ಣಗಿದ್ದಾಗ ಸರಿಯಾಗಿ ತುಂಬಿಸಿ, ಅದರಲ್ಲೇ ಸ್ವಲ್ಪ ಕಾಲ ಓಡಿಸಿ. ಆಮೇಲೆ ಮುಂದಿನ ಎರಡಕ್ಕೆ 2 ಪಿಎಸ್‌ಐ ಹೆಚ್ಚಿಸಿ ನೋಡಿ. ಟೈರಿನ ಪಕ್ಕೆ ಮಡಚುವುದು ಕಡಿಮೆಯಾಗಿ, ಸ್ಟಿಯರಿಂಗ್ ಎಷ್ಟು ಬೇಗ ಉತ್ತರ ಕೊಡುತ್ತದೆ ಎಂಬುದರಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡವನ್ನು ತುಂಬಿಸಬೇಕಾದ ಒತ್ತಡ ಎಂದು ತಿಳಿಯುವವರೂ ಇದ್ದಾರೆ, ಅದು ತಪ್ಪು.

ತಿರುವುಪ್ರಿಯ
ಎಲ್ಲರಿಗೂ ಕೃತಜ್ಞತೆಗಳು. ಲಿಫ್ಟಿನ ಮೇಲೆ ಎತ್ತಿಸಿ ನೋಡಿದೆವು. ಟಾರ್ಷನ್ ಬೀಮಿನ ಎಡಗಡೆಯ ಬುಷ್ಷಿಗೆ ಸಬ್ಬಲು ಕೊಟ್ಟು ಮೀಟಿದಾಗ ರಬ್ಬರಿನ ಬಿರುಕು ಬಾಯಿ ತೆರೆದು ಒಳಗಿನ ಲೋಹದ ತೋಳು ಹೊಳೆಯಿತು. ಬಲಗಡೆಯದೂ ಅದೇ ದಾರಿಯಲ್ಲಿದೆ. ಹಿಂದಿನ ಒಂದು ಶಾಕು ಎಣ್ಣೆ ಕಾರಿದೆ. ಆದ್ದರಿಂದ 185/60 ಆರ್14 ಗಾತ್ರದ ಒಳ್ಳೆಯ ಟೈರು ನಾಲ್ಕು, ಮೂಲ ಎತ್ತರದ ನಾಲ್ಕು ಶಾಕುಗಳು, ಬೀಮಿನ ಎರಡು ಬುಷ್‌ಗಳು ಎಂದು ತೀರ್ಮಾನಿಸಿದ್ದೇನೆ. ಸ್ಪ್ರಿಂಗು ಸದ್ಯಕ್ಕೆ ಬೇಡ. ತಗ್ಗುನಿಲುವು ಅವರು ಬೇಸರಿಸಿಕೊಳ್ಳಬಾರದು. ಅಲೈನ್‌ಮೆಂಟಿಗೆ ಯಾವ ಅಂಕಿಗಳನ್ನು ಕೇಳಲಿ?

ತಗ್ಗುನಿಲುವು
ಬೇಸರವೇನೂ ಇಲ್ಲ, ಮುಂದಿನ ವರ್ಷ ಬರುತ್ತೀರಿ ಎಂದು ಗೊತ್ತು.

ಗ್ರಿಪ್‌ಗಣಿತ
ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸೊನ್ನೆಗೆ ಹತ್ತಿರ, ಕಂಪನಿಯ ಮಿತಿಯೊಳಗೇ ಇರಲಿ. ಟೋ ಸ್ವಲ್ಪ ಹೊರಕ್ಕಿದ್ದರೆ ತಿರುವಿಗೆ ಇಳಿಯುವ ಕ್ಷಣ ಚುರುಕೆನಿಸುತ್ತದೆ, ಆದರೆ ನೇರ ರಸ್ತೆಯಲ್ಲಿ ಕಾರು ಅಲೆದಾಡುತ್ತದೆ, ಟೈರಿನ ಒಳ ಅಂಚು ಬೇಗ ತಿನ್ನಿಸಿಕೊಳ್ಳುತ್ತದೆ. ಕ್ಯಾಂಬರ್ ಬೋಲ್ಟ್ ಹಾಕಿಸುವುದಾದರೆ ಎರಡೂ ಕಡೆ ಋಣ ಒಂದು ಡಿಗ್ರಿ ಸಾಕು, ಎಡಬಲ ಒಂದೇ ಇರುವುದು ಅಂಕಿಗಿಂತ ಮುಖ್ಯ. ಮೊದಲು ಕ್ಯಾಂಬರ್, ಆಮೇಲೆ ಟೋ ಹೊಂದಿಸಬೇಕು, ಏಕೆಂದರೆ ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿಯೇ ಬದಲಾಗುತ್ತದೆ. ಕೆಲಸ ಮುಗಿದಾಗ ಮೊದಲಿನ ಮತ್ತು ನಂತರದ ಅಂಕಿಗಳಿರುವ ಚೀಟಿಯನ್ನು ಮುದ್ರಿಸಿ ಕೊಡಲು ಹೇಳಿ. ಹಿಂದಿನ ಬೀಮಿನಲ್ಲಿ ಸಾಮಾನ್ಯವಾಗಿ ಹೊಂದಿಸುವ ವ್ಯವಸ್ಥೆ ಇರುವುದಿಲ್ಲ, ಆದರೂ ಅದರ ಅಂಕಿ ಮಿತಿ ಮೀರಿದ್ದರೆ ಬೀಮು ಬಾಗಿರಬಹುದು ಎಂಬ ಸೂಚನೆ ಸಿಗುತ್ತದೆ.

ಕುತೂಹಲಿ
ಬುಷ್ ಬದಲಿಸಿದ ಕೆಲವೇ ತಿಂಗಳುಗಳಲ್ಲಿ ಹೊಸ ಬುಷ್ಷೂ ಹರಿದುಹೋಯಿತು ಎಂದು ನನ್ನ ಪರಿಚಯದವರೊಬ್ಬರು ಗೋಳಾಡುತ್ತಿದ್ದರು. ಅದಕ್ಕೆ ಕಳಪೆ ಮಾಲು ಮಾತ್ರ ಕಾರಣವೇ, ಅಥವಾ ಹಾಕುವ ಕ್ರಮದಲ್ಲೂ ಏನಾದರೂ ಇದೆಯೇ?

ಹಳೆಸ್ಪ್ಯಾನರ್
ಹಾಕುವ ಕ್ರಮವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಇಂಥ ಬುಷ್ಷಿನಲ್ಲಿ ರಬ್ಬರು ಒಳಗಿನ ಲೋಹದ ತೋಳಿಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ, ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ ಒಳಗಿನ ತೋಳು ಆ ಸ್ಥಿತಿಗೇ ಬೀಗ ಹಾಕಿಕೊಳ್ಳುತ್ತದೆ. ಕಾರನ್ನು ಕೆಳಗಿಳಿಸಿದ ಕ್ಷಣದಿಂದ ರಬ್ಬರು ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಗುಂಡಿಗೆ ಇಳಿದಾಗ ಇನ್ನಷ್ಟು ತಿರುಚಿ ಹರಿಯುತ್ತದೆ.

ಆದ್ದರಿಂದ ಕಾರನ್ನು ಎತ್ತುವ ಮೊದಲೇ, ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ, ಪ್ರತಿ ಚಕ್ರದ ಹಬ್ಬಿನ ನಡುವಿನಿಂದ ಫೆಂಡರಿನ ಅಂಚಿನವರೆಗೆ ಟೇಪು ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಹೊಸ ಬುಷ್ಷನ್ನು ಕೂರಿಸಿದ ಮೇಲೆ ಬೋಲ್ಟನ್ನು ಕೈಬಿಗಿತಕ್ಕಷ್ಟೇ ಬಿಡಿ. ಬಾಡಿ ಲಿಫ್ಟಿನ ಮೇಲೆ ಭದ್ರವಾಗಿರಬೇಕು, ಹಬ್ಬಿನ ಕೆಳಗೆ ಜಾಕ್ ಕೊಟ್ಟು ಮೊದಲು ಬರೆದುಕೊಂಡ ಅಳತೆ ಬರುವವರೆಗೆ ಎತ್ತಿ, ಆಗ ಟಾರ್ಕ್ ರೆಂಚಿನಿಂದ ಸರ್ವಿಸ್ ಮ್ಯಾನ್ಯುಯಲಿನ ಅಂಕಿಗೆ ಬಿಗಿಯಿರಿ. ನಾಲ್ಕು ಚಕ್ರಗಳನ್ನೂ ಹೊರುವ ಲಿಫ್ಟ್ ಇದ್ದರೆ ಇನ್ನೂ ಸುಲಭ, ಭಾರವೆಲ್ಲ ಚಕ್ರದ ಮೇಲೇ ಇರುವುದರಿಂದ ಅಳೆಯುವ ಗೋಜಿಲ್ಲ. ಮುಂದಿನ ಲೋವರ್ ಆರ್ಮಿನ ಬುಷ್‌ಗಳಿಗೂ ಇದೇ ಕ್ರಮ.

ತಿರುವುಪ್ರಿಯ
ಇದನ್ನು ಮುದ್ರಿಸಿಕೊಂಡು ಹೋಗುತ್ತೇನೆ. ಗ್ಯಾರೇಜಿನವರು ಮುಖ ಸಿಂಡರಿಸಿದರೆ?

ಹಳೆಸ್ಪ್ಯಾನರ್
ಮುಖ ಸಿಂಡರಿಸುವವರ ಬಳಿ ಟಾರ್ಕ್ ರೆಂಚೂ ಇರುವುದಿಲ್ಲ, ಬೇರೆ ಗ್ಯಾರೇಜು ನೋಡಿ.